ಹಾಯಿದೋಣಿಗೆ ಅತ್ತೆಯವರ ಆಗಮನ

ಅಲುಗಾಡದ ಮಂಚದ ಮೇಲೆ ದಿನಾ ಮಲಗುವವರಿಗೆ ತಾವು ಎಂಥ ಸುಖದಲ್ಲಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಿವೃತ್ತನಾದ ಮೇಲೆ ಇದ್ದ ಮಂಚದ ಮೇಲೆ ಇದ್ದ ಹಾಗೇ ಬಿದ್ದಿರುತ್ತಿದ್ದೆ. ಹಾಯಿದೋಣಿ ಕೊಂಡು, ಕಟ್ಟಿಕೊಂಡ ಹೆಂಡತಿಯನ್ನು ಅದರಲ್ಲಿ ಕೂರಿಸಿಕೊಂಡು, ಉಷ್ಣವಲಯದ ದ್ವೀಪದಿಂದ ದ್ವೀಪಕ್ಕೆ ತೇಲಿಕೊಂಡು ಹೋಗುವ ಮಹಾಯೋಜನೆಗೆ ಕೈ ಹಾಕುತ್ತಿರಲಿಲ್ಲ.

ನಾನು ಭೂಗೋಳದ ಮೇಷ್ಟ್ರು. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವನ್ನು ದ್ವೀಪ ಎನ್ನುತ್ತಾರೆ ಎಂದು ಗೋಡೆಯ ಮೇಲಿನ ನಕ್ಷೆಗೆ ಬೆತ್ತದಿಂದ ತಟ್ಟಿ ತಟ್ಟಿ ಹೇಳಿಕೊಟ್ಟವನು. (ನಾನು ಕೆಲಸ ಬಿಡುವ ಹೊತ್ತಿಗೆ ನಕ್ಷೆಯ ಮೇಲೆ ದ್ವೀಪಗಳಿದ್ದ ಜಾಗದಲ್ಲೆಲ್ಲ ತೂತುಗಳಿದ್ದವು.) ಆದರೆ ಕಣ್ಣಾರೆ ಒಂದು ದ್ವೀಪವನ್ನೂ ಕಂಡಿರಲಿಲ್ಲ. ಬೀಳ್ಕೊಡುಗೆಯ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಅಭ್ಯಾಸವಿಲ್ಲದವನನ್ನು ಒಂದೇ ಸಲಕ್ಕೆ ಅಷ್ಟು ಹೊಗಳಬಾರದು. ಎದ್ದು ನಿಂತು, "ಇನ್ನು ಮುಂದೆ ನಾನು ನಕ್ಷೆಯ ಒಳಗೇ ವಾಸ ಮಾಡುತ್ತೇನೆ" ಎಂದುಬಿಟ್ಟೆ. ಚಪ್ಪಾಳೆ ಬಿತ್ತು.

ಮನೆಗೆ ಬಂದು ಅದನ್ನೇ ಹೇಳಿದಾಗ ತಟ್ಟೆ ಬಿತ್ತು. ಕೈತಪ್ಪಿ ಬಿತ್ತು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ.

"ನನಗೆ ಈಜು ಬರಲ್ಲ," ಅಂದಳು.

"ದೋಣೀಲಿ ಈಜೋದಲ್ಲ ಕಣೇ, ಕೂರೋದು."

"ಕೂರೋಕೆ ಮನೇಲಿ ಕುರ್ಚಿ ಇಲ್ವಾ?"

ಕೆಲವು ದಿನ ಮಾತು ಬಿಟ್ಟಳು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟವನ್ನು ಟಪ್ಪೆಂದು ಮುಂದಿಟ್ಟು, "ಬರ್ತೀನಿ ನಡೀರಿ. ಆದ್ರೆ ಒಂದು ಮಾತು. ವಾಪಸ್ ಹೋಗೋಣ ಅಂತ ನಾನಂತೂ ಹೇಳಲ್ಲ. ಅದು ನಿಮ್ಮ ಬಾಯಿಂದಲೇ ಬರಬೇಕು. ಬರುತ್ತೆ, ನೋಡ್ತಾ ಇರಿ" ಅಂದಳು.

"ಬಂದ್ರೆ ಮೀಸೆ ಬೋಳಿಸ್ಕೊಳ್ತೀನಿ," ಅಂದೆ. ಗಂಡಸರು ಇಂಥ ಮಾತನ್ನು ಆಡುವ ಮುಂಚೆ ಸ್ವಲ್ಪ ಸಮುದ್ರದ ಮೇಲೆ ಹೋಗಿ ಬರುವುದು ಒಳ್ಳೆಯದು.

ಹಾಯಿದೋಣಿಯ ಸುಖವನ್ನು ಸ್ವಲ್ಪ ವಿವರಿಸುತ್ತೇನೆ. ಹಾಸಿಗೆ ದೋಣಿಯ ಮೂತಿಯೊಳಗಿದೆ. ದೋಣಿಯ ಮೂತಿ ಚೂಪಾಗಿರುವುದರಿಂದ ಹಾಸಿಗೆಯೂ ತ್ರಿಕೋನ. ತಲೆಯ ಕಡೆ ಇಬ್ಬರಿಗೂ ಧಾರಾಳ ಜಾಗ. ಕಾಲಿನ ಕಡೆ ಒಂದು ಜೊತೆ ಪಾದಕ್ಕೆ ಮಾತ್ರ. ಆ ಒಂದು ಜೊತೆ ಪಾದ ಯಾರದ್ದು ಎಂಬುದು ನಮ್ಮ ದಾಂಪತ್ಯದಲ್ಲಿ ಮೊದಲೇ ತೀರ್ಮಾನವಾಗಿತ್ತು. ನಾನು ಮಂಡಿ ಮಡಚಿ ಮಲಗುತ್ತೇನೆ. ಎದ್ದು ಕೂತರೆ ತಲೆ ಚಾವಣಿಗೆ ಬಡಿಯುತ್ತದೆ. ನೋವಿಗೆ ತಲೆ ಬಗ್ಗಿಸಿ ಸರಿದರೆ ಇನ್ನೊಂದು ತೊಲೆ ಕಾಯುತ್ತಿರುತ್ತದೆ. ಶೌಚಾಲಯಕ್ಕೆ ಒಂದು ಕೈಪಂಪಿದೆ. ಅದನ್ನು ಒತ್ತಬೇಕಾದಷ್ಟು ಸಲ ಒತ್ತಿ ಹೊರಗೆ ಬಂದವನಿಗೆ ಬೇರೆ ವ್ಯಾಯಾಮ ಬೇಕಾಗುವುದಿಲ್ಲ. ಟವೆಲ್ಲು ಒಣಗುವುದಿಲ್ಲ, ಸಕ್ಕರೆ ಉದುರುವುದಿಲ್ಲ, ಉಪ್ಪು ಕೇಳದೆಯೇ ಎಲ್ಲದರೊಳಗೂ ಸೇರಿಕೊಳ್ಳುತ್ತದೆ. ಇನ್ನು ದ್ವೀಪಗಳ ಸೌಂದರ್ಯವೋ? ಇದೆ, ಸುಳ್ಳು ಹೇಳಬಾರದು. ಹಸಿರು ಗುಡ್ಡ, ಬಿಳಿ ಮರಳು, ಗಾಜಿನಂಥ ನೀರು. ಎರಡನೆಯ ದ್ವೀಪದಲ್ಲೂ ಹಸಿರು ಗುಡ್ಡ, ಬಿಳಿ ಮರಳು, ಗಾಜಿನಂಥ ನೀರು. ಮೂರನೆಯದನ್ನು ನೀವೇ ಊಹಿಸಿಕೊಳ್ಳಬಹುದು.

ಒಟ್ಟಿನಲ್ಲಿ ನನಗೆ ಸಾಕಾಗಿಹೋಯಿತು. ಕೈಕಾಲು ಚಾಚಿ, ನೆಲಕ್ಕೆ ಅಂಟಿಕೊಂಡಿರುವ ನನ್ನ ಸ್ವಂತ ಮಂಚದ ಮೇಲೆ ಮಲಗಬೇಕೆಂಬ ಆಸೆಯೊಂದು ಬಿಟ್ಟರೆ ನನ್ನಲ್ಲಿ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ. ಆದರೆ ಬಾಯಿ ಬಿಟ್ಟು ಹೇಳುವಂತಿಲ್ಲವಲ್ಲ. ಮೀಸೆಯ ಪ್ರಶ್ನೆ.

ಹೆಂಡತಿಯ ಬಾಯಿಂದಲೇ ಆ ಮಾತು ಬರಲೆಂದು ಕಾದೆ. ಬರುವ ಲಕ್ಷಣವೇ ಕಾಣಲಿಲ್ಲ. ಮೊದಲ ವಾರವೆಲ್ಲ ಬಕೆಟ್ಟನ್ನು ತಬ್ಬಿಕೊಂಡು ಕೂತಿದ್ದವಳು, ಒಂದು ದ್ವೀಪದ ಕೊಲ್ಲಿಗೆ ಬಂದು ಲಂಗರು ಹಾಕಿದ ಮೇಲೆ ಬೇರೆಯೇ ಹೆಂಗಸಾದಳು. ಕೊಲ್ಲಿಯಲ್ಲಿ ನಮ್ಮಂಥ ಹಾಯಿದೋಣಿಗಳು ಬೇಕಾದಷ್ಟಿದ್ದವು. ಎಲ್ಲದರಲ್ಲೂ ನಮ್ಮಂಥ ಗಂಡ ಹೆಂಡತಿ. ನಾನು ಅದನ್ನು ಬಂದರು ಅಂದುಕೊಂಡಿದ್ದೆ, ಅವಳಿಗೆ ಅದೊಂದು ವಠಾರವಾಗಿ ಕಂಡಿತು. ಚಿಕ್ಕ ರಬ್ಬರ್ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಈರುಳ್ಳಿ ಕೇಳಲು ಹೋದವಳು ಊಟದ ಹೊತ್ತಿಗೆ ವಾಪಸ್ ಬರುತ್ತಿದ್ದಳು, ಈರುಳ್ಳಿಯಿಲ್ಲದೆ, ಆದರೆ ಆ ದೋಣಿಯ ಮೂರು ತಲೆಮಾರಿನ ವಿಚಾರ ತಿಳಿದುಕೊಂಡು.

ಇದರ ಮೇಲೆ ಒಂದು ರೇಡಿಯೋ. ಪ್ರತಿ ದೋಣಿಯಲ್ಲೂ ಮಾತಾಡುವ ರೇಡಿಯೋ ಇರುತ್ತದೆ. ಬೆಳಿಗ್ಗೆ ಎಲ್ಲ ದೋಣಿಗಳೂ ಅದರಲ್ಲಿ ಸೇರಿ ಹವಾಮಾನ, ಕ್ಷೇಮಸಮಾಚಾರ ಹೇಳಿಕೊಳ್ಳುವುದು ಈ ಲೋಕದ ಪದ್ಧತಿ. ಯಾರಾದರೊಬ್ಬರು ಅದನ್ನು ನಡೆಸಿಕೊಡಬೇಕು. ಯಾರು ನಡೆಸಿಕೊಡುತ್ತಿದ್ದರು ಎಂದು ನಾನು ಹೇಳಬೇಕಾಗಿಲ್ಲ. ಮೈಕಿನ ಗುಂಡಿ ಒತ್ತಿ ಹಿಡಿದರೆ ನಮ್ಮ ಮಾತು ಕೊಲ್ಲಿಗೆಲ್ಲ ಕೇಳುತ್ತದೆ. ಬಿಟ್ಟರೆ ಬೇರೆಯವರ ಮಾತು ನಮಗೆ ಕೇಳುತ್ತದೆ. ನನ್ನ ಹೆಂಡತಿಗೆ ಬಿಡುವುದರಲ್ಲಿ ಅಷ್ಟು ಆಸಕ್ತಿಯಿಲ್ಲ. ಜೊತೆಗೆ ಅದೇ ಹೊತ್ತಿಗೆ ತರಕಾರಿಯನ್ನೂ ಹೆಚ್ಚಬೇಕು. ಹಾಗಾಗಿ ಗುಂಡಿಗೆ ಒಂದು ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ಮೈಕನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಬೀನ್ಸ್ ಮುರಿಯುತ್ತ ಮಾತಾಡುತ್ತಿದ್ದಳು. ಉಸಿರು ತೆಗೆದುಕೊಳ್ಳುವಾಗ ಕ್ಲಿಪ್ಪು ತೆಗೆಯುತ್ತಿದ್ದಳು.

ಅಷ್ಟರಲ್ಲಿ ಗಾಳಿ ತಿರುಗುವ ಕಾಲ ಬಂತು. ಈ ಸಮುದ್ರದಲ್ಲಿ ಗಾಳಿ ಇಷ್ಟು ತಿಂಗಳು ಒಂದು ಕಡೆ ಬೀಸಿದರೆ ಇಷ್ಟು ತಿಂಗಳು ಇನ್ನೊಂದು ಕಡೆ. (ಪಾಠ ಮಾಡುವಾಗ ಇದು ಎಷ್ಟು ಸುಂದರವಾದ ವಿಷಯವಾಗಿತ್ತು!) ಅದು ತಿರುಗುವ ಮುಂಚೆ ಹೊರಟರೆ ಮನೆ. ತಿರುಗಿದ ಮೇಲೆ ಹೊರಟರೆ ಇನ್ನೂ ದೂರದ ದ್ವೀಪಗಳು, ಮುಂದಿನ ವರ್ಷ ಗಾಳಿ ಮತ್ತೆ ಈ ಕಡೆ ಬೀಸುವ ತನಕ ಮನೆಯ ಮುಖ ನೋಡುವ ಮಾತೇ ಇಲ್ಲ. ಎಲ್ಲರೂ ಎತ್ತ ಹೋಗುವುದೆಂದು ಚರ್ಚೆ ಮಾಡುತ್ತಿದ್ದರು. ನಮ್ಮವಳು ನಕ್ಷೆ ಹರಡಿಕೊಂಡು ಆ ಕಡೆಯ ದ್ವೀಪಗಳನ್ನು ಬೆರಳಿನಿಂದ ಸವರುತ್ತಿದ್ದಳು.

ಆಗ ನನಗೆ ಅತ್ತೆಯವರ ನೆನಪಾಯಿತು.

ನನ್ನ ಹೆಂಡತಿ ದೇವರಿಗೆ ಒಂದಿಷ್ಟು ಹೆದರುತ್ತಾಳೆ, ಗಂಡನಿಗೆ ಹೆದರುವುದೇ ಇಲ್ಲ, ತಾಯಿಯ ಮಾತನ್ನು ಮಾತ್ರ ಮೀರಿದವಳಲ್ಲ. ಅತ್ತೆಯವರು ಟವೆಲ್ಲಿಗೂ ಇಸ್ತ್ರಿ ಹಾಕುವವರು. ಅವರ ಮನೆಯಲ್ಲಿ ಚಮಚವೊಂದು ಓರೆಯಾಗಿ ಮಲಗಿದ್ದರೂ ವಿಚಾರಣೆ ನಡೆಯುತ್ತದೆ. ಅಂಥವರು ಈ ಓಲಾಡುವ ಪೆಟ್ಟಿಗೆಯನ್ನು ಒಂದು ದಿನ ನೋಡಿದರೆ ಸಾಕು, "ಇದು ಸಂಸಾರ ಮಾಡೋ ಜಾಗಾನಾ? ನಡಿ ಮನೆಗೆ" ಎಂದು ಮಗಳ ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ. ಹಿಂದಿನಿಂದ ನಾನೂ ಹೋಗಬಹುದು. ಮೀಸೆಗೂ ಅಪಾಯವಿಲ್ಲ. ಇಷ್ಟು ಒಳ್ಳೆಯ ಉಪಾಯ ನನಗೆ ಹೊಳೆಯಿತೇ ಎಂದು ನಾನೇ ಬೆರಗಾದೆ.

ದ್ವೀಪದ ಅಂಗಡಿಗೆ ಹೋಗಿ ಫೋನು ಮಾಡಿದೆ.

"ಅತ್ತೆ, ನೀವು ಬಂದು ನಮ್ಮ ಜೊತೆ ಸ್ವಲ್ಪ ದಿನ ಇರಬೇಕು. ನಿಮ್ಮನ್ನ ನೋಡ್ಬೇಕು ಅಂತ ತುಂಬಾ ಆಸೆಯಾಗಿದೆ."

"ಯಾರು ಮಾತಾಡ್ತಿರೋದು?" ಎಂದು ಆ ಕಡೆಯಿಂದ ಕೇಳಿದರು.

ಬಂದರು. ಪ್ರಯಾಣಿಕರ ಹಡಗಿನಿಂದ ಕಟ್ಟೆಗೆ ಇಳಿದು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತಮ್ಮ ಸ್ವಂತ ದಿಂಬು ಹಿಡಿದು, ನಮ್ಮ ರಬ್ಬರ್ ದೋಣಿಯಲ್ಲಿ ಸಿಂಹಾಸನದಲ್ಲಿ ಕೂತ ಹಾಗೆ ಕೂತರು. ದೋಣಿ ಹತ್ತಿದವರೇ ಮೂಗು ಮುರಿದರು. ಆಹಾ! ಆ ಮೂಗು ಮುರಿದದ್ದನ್ನು ನೋಡಿ ನನಗಾದ ಸಂತೋಷವನ್ನು ಏನೆಂದು ಹೇಳಲಿ.

"ಇದೇನೇ ಇದು, ಮನೇನೋ ಡಬ್ಬಾನೋ?" ಅಂದರು ಮಗಳಿಗೆ.

"ಡಬ್ಬಾನೇ ಅತ್ತೆ," ಎಂದು ನಾನು ಒತ್ತಿ ಹೇಳಿದೆ.

ಆದರೆ ಅವರು ಹೊರಟು ನಿಲ್ಲಲಿಲ್ಲ. ಸೆರಗು ಸಿಕ್ಕಿಸಿಕೊಂಡು ಡಬ್ಬಿಯನ್ನು ಒಪ್ಪವಾಗಿಡಲು ನಿಂತರು. ಚಮಚಗಳು ಸಾಲಾಗಿ ಮಲಗಿದವು. ಹಗ್ಗಗಳೆಲ್ಲ ಸುರುಳಿಯಾದವು. ಟವೆಲ್ಲುಗಳನ್ನು ಹಾಯಿಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಒಣಗಿಸಿ, ಬಿಸಿ ಪಾತ್ರೆಯ ತಳದಿಂದ ಇಸ್ತ್ರಿ ಮಾಡಿದರು. ಸಮುದ್ರದ ಗಾಳಿಗೆ ಅವರ ಮಂಡಿನೋವು ಮಾಯವಾಯಿತಂತೆ. (ನನ್ನ ಮಂಡಿಗೆ ಬಂದದ್ದು ಅದೇ ಇರಬೇಕು.) ಅವರಿಗೆ ಹಿಡಿಸದ ವಸ್ತು ದೋಣಿಯಲ್ಲಿ ಒಂದೇ ಉಳಿಯಿತು.

"ಅಳಿಯಂದ್ರು ಯಾವ ಹೊತ್ತಲ್ಲಿ ನೋಡಿದ್ರೂ ದಾರಿಗೆ ಅಡ್ಡ ನಿಂತಿರ್ತಾರಲ್ಲೇ," ಎಂದು ಮಗಳನ್ನು ಕೇಳಿದರು.

"ದೋಣಿ ಇರೋದೇ ಅಷ್ಟಗಲ ಅಮ್ಮ," ಅಂದಳು ಅವಳು.

"ಮನೇಲೂ ಹಾಗೇ ನಿಂತಿರ್ತಿದ್ರು," ಅಂದರು.

ದಿನಗಳು ಉರುಳಿದವು. ಗಾಳಿ ಒಂದೊಂದು ಸಲ ಗಲಿಬಿಲಿಯಾಗಿ ಬೀಸತೊಡಗಿತು. ಇನ್ನು ಅತ್ತೆಯವರ ಮೂಗನ್ನು ನಂಬಿ ಕೂತರೆ ಕೆಟ್ಟೆ ಎನಿಸಿತು. ಅವರ ಹೃದಯಕ್ಕೇ ಕೈ ಹಾಕಬೇಕು. ಅದಕ್ಕೆ ಹೆಂಡತಿ ದೋಣಿಯಲ್ಲಿ ಇಲ್ಲದ ಹೊತ್ತೊಂದು ಬೇಕಾಗಿತ್ತು.

ಅದೂ ಸಿಕ್ಕಿತು. ಒಂದು ಬೆಳಿಗ್ಗೆ ಹೆಂಡತಿ ಎಂದಿನಂತೆ ಬೀನ್ಸ್ ಮುರಿಯುತ್ತ ರೇಡಿಯೋದಲ್ಲಿ ಲೋಕಾಭಿರಾಮ ನಡೆಸುತ್ತಿದ್ದಾಗ, ಪಕ್ಕದ ದೋಣಿಯ ದಂತವೈದ್ಯರ ಹೆಂಡತಿ ತನ್ನ ರಬ್ಬರ್ ದೋಣಿಯಲ್ಲಿ ಬಂದು, "ಬನ್ರೀ ಬೇಗ, ತರಕಾರಿ ಹಡಗು ಬಂದಿದೆ! ಟೊಮೆಟೊ ಖಾಲಿಯಾಗತ್ತೆ!" ಎಂದು ಕೂಗಿದಳು. ವಾರಕ್ಕೊಮ್ಮೆ ಬರುವ ಹಡಗು. ನನ್ನ ಹೆಂಡತಿ ಬೀನ್ಸನ್ನೂ ಮಾತನ್ನೂ ಅರ್ಧಕ್ಕೇ ಬಿಟ್ಟು, ಚೀಲ ಹಿಡಿದು ಹಾರಿದಳು. ಕೊಲ್ಲಿಯ ಹೆಂಗಸರೆಲ್ಲ ದಡಕ್ಕೆ ಹೋದರು.

ನಾನು, ಮಗಳು ಬಿಟ್ಟುಹೋದ ಬೀನ್ಸನ್ನು ಮುರಿಯತೊಡಗಿದ್ದ ಅತ್ತೆಯವರ ಎದುರಿಗೆ, ಮೇಜಿಗೆ ಮೊಣಕೈ ಊರಿ ಕೂತೆ. ಮೈಕು ಬೀನ್ಸಿನ ಸಿಪ್ಪೆಯೊಳಗೆ ಮಲಗಿತ್ತು. ಅದರ ಗುಂಡಿಯನ್ನು ಕ್ಲಿಪ್ಪು ಕಚ್ಚಿಕೊಂಡೇ ಇತ್ತು. ನಾನು ನೋಡಲಿಲ್ಲ. ನೋಡಿದ್ದರೆ ಈ ಕಥೆಯನ್ನು ನಿಮಗೆ ನನ್ನ ಮಂಚದ ಮೇಲಿಂದ ಹೇಳುತ್ತಿದ್ದೆ.

"ಅತ್ತೆ," ಅಂದೆ, ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ಇಳಿಸಿ, "ನಿಮ್ಮ ಮಗಳು ಸೊರಗಿ ಹೋಗಿದಾಳೆ, ಗಮನಿಸಿದ್ರಾ?"

"ದಪ್ಪ ಆಗಿದಾಳೆ," ಅಂದರು.

"ಅದು ಮೇಲ್ನೋಟಕ್ಕೆ. ಒಳಗೊಳಗೇ ಸೊರಗಿದಾಳೆ. ಆ ಕೈ ನೋಡಿದ್ರಾ? ಲಂಗರಿನ ಸರಪಳಿ ಎಳೆದೂ ಎಳೆದೂ ಕೈಯೆಲ್ಲ ಗಟ್ಟಿಯಾಗಿಹೋಗಿದೆ. ಹೂವಿನಂಥ ಕೈ."

"ನೀವೇನು ಮಾಡ್ತಿರ್ತೀರಿ, ಅವಳು ಸರಪಳಿ ಎಳೆಯೋವಾಗ?"

"ನಾನು ಚುಕ್ಕಾಣಿ ಹಿಡ್ಕೊಂಡು ಕಣ್ಣೀರು ಹಾಕ್ತಿರ್ತೀನಿ ಅತ್ತೆ."

ಅತ್ತೆಯವರು ಬೀನ್ಸು ಮುರಿಯುವುದನ್ನು ನಿಲ್ಲಿಸಿದರು. ಮಾತು ನಾಟುತ್ತಿದೆ ಎಂದು ನನಗೆ ಗೊತ್ತಾಯಿತು. ಕ್ಲಾಸಿನಲ್ಲಿ ಹುಡುಗರು ಪೆನ್ಸಿಲ್ ಕೆಳಗಿಟ್ಟರೆ ಮೇಷ್ಟರಿಗೆ ಎಂಥ ಹುರುಪು ಬರುತ್ತದೋ ಅಂಥ ಹುರುಪು ಬಂತು.

"ಅವಳು ಬಾಯಿಬಿಟ್ಟು ಹೇಳಲ್ಲ. ನನಗೋಸ್ಕರ ಸಹಿಸ್ಕೊಂಡಿದಾಳೆ. ಆದ್ರೆ ಕಟ್ಕೊಂಡೋನಿಗೆ ಕಣ್ಣಿಲ್ವಾ? ಬೇರೆಯವರ ಥರ ಅಲ್ಲ ನಾನು. ಆ ಪಕ್ಕದ ದೋಣಿ ದಂತವೈದ್ಯನ್ನೇ ನೋಡಿ. ಹೆಂಡ್ತಿಗೆ ಒಂದು ದಿನ ಒಂದು ಲೋಟ ಕಾಫಿ ಮಾಡ್ಕೊಟ್ಟಿದ್ದು ಕಂಡಿದೀರಾ? ಊರವರ ಹಲ್ಲೆಲ್ಲ ನೋಡಿದಾನೆ, ಹೆಂಡ್ತಿ ನಕ್ಕಿದ್ದು ನೋಡಿಲ್ಲ. ನನ್ನ ಕೈಲಿ ಹಾಗೆ ಇರೋಕಾಗಲ್ಲ ಅತ್ತೆ."

"ಹಾಗಾದ್ರೆ ಏನ್ ಮಾಡ್ಬೇಕು ಅಂತೀರಿ?"

"ನೀವು ಒಂದು ಮಾತು ಹೇಳಿ, ಅವಳನ್ನ ಮನೆಗೆ ಹೊರಡಿಸಿ. ನನ್ನ ಚಿಂತೆ ಬಿಡಿ. ಈ ಸಮುದ್ರ ಅಂದ್ರೆ ನನಗೆ ಪ್ರಾಣ. ಈ ದೋಣಿ, ಈ ಹಾಯಿ, ಈ ದ್ವೀಪಗಳು, ಇವು ಬಿಟ್ರೆ ನಾನು ಬದುಕಲ್ಲ. ಇಡೀ ಜನ್ಮ ನಕ್ಷೆ ಮುಂದೆ ನಿಂತು ಕಂಡ ಕನಸು. ಆದ್ರೆ ಅವಳಿಗೋಸ್ಕರ ಆ ಪ್ರಾಣಾನೂ ಬಿಡ್ತೀನಿ. ಹೋಗಿ ಆ ಮಂಚದ ಮೇಲೆ ಬಿದ್ಕೊಳ್ತೀನಿ ಅತ್ತೆ, ಆ ಮಂಚದ ಮೇಲೆ..."

ಮಂಚ ಎಂದ ಕೂಡಲೇ ನನಗೆ ನಿಜವಾಗಿಯೂ ಅಳು ಬಂತು. ಅದರ ಅಗಲ, ಅದರ ಹತ್ತಿಯ ಹಾಸಿಗೆ, ಕಾಲು ಎಷ್ಟು ಚಾಚಿದರೂ ಇನ್ನೂ ಉಳಿಯುತ್ತಿದ್ದ ಜಾಗ ಎಲ್ಲ ಕಣ್ಣಿಗೆ ಕಟ್ಟಿತು. ಬಿಕ್ಕಿ ಬಿಕ್ಕಿ ಅತ್ತೆ. (ಇಲ್ಲಿ ಅತ್ತೆ ಎಂದರೆ ಕ್ರಿಯಾಪದ.) ನನ್ನ ಎದುರಿಗೆ ಕೂತಿದ್ದ ಅತ್ತೆಯವರೂ ಮೂಗೊರೆಸಿಕೊಂಡರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಮದುವೆಯಲ್ಲಿ ಅತ್ತಿದ್ದರಂತೆ, ಆದರೆ ಅದರ ಕಾರಣ ಬೇರೆ.

ಹೆಂಡತಿ ಹಿಂದಿರುಗಿದಳು. ಚೀಲದಲ್ಲಿ ಒಂದು ಟೊಮೆಟೊ ಕೂಡ ಇರಲಿಲ್ಲ. ಒಳಗೆ ಇಳಿದು ಬಂದು ನನ್ನನ್ನೇ ನೋಡುತ್ತ ನಿಂತಳು. ಅವಳ ಕಣ್ಣು ಕೆಂಪಾಗಿತ್ತು. ಯಾರಿಗೋ ಏನೋ ಆಗಿದೆ ಎಂದು ನಾನು ಗಾಬರಿಯಾದೆ. ಅವಳು ಮೇಜಿನ ಹತ್ತಿರ ಬಂದು, ಬೀನ್ಸಿನ ಸಿಪ್ಪೆಯನ್ನು ಸರಿಸಿ, ಮೈಕನ್ನು ಎತ್ತಿ, ಕ್ಲಿಪ್ಪನ್ನು ತೆಗೆದಳು.

ತೆಗೆದದ್ದೇ ತಡ, ಇಡೀ ಕೊಲ್ಲಿ ಒಟ್ಟಿಗೆ ಬಾಯಿ ತೆರೆಯಿತು. ಅಷ್ಟು ಹೊತ್ತು ನಮ್ಮ ಮೈಕೇ ದಾರಿಯನ್ನು ಹಿಡಿದುಕೊಂಡಿದ್ದರಿಂದ ಯಾರೂ ನಮಗೆ ಏನೂ ಹೇಳುವಂತಿರಲಿಲ್ಲ. ದಡದಿಂದ ತಮ್ಮ ತಮ್ಮ ದೋಣಿಗೆ ಮರಳಿದ್ದ ಹೆಂಗಸರಲ್ಲಿ ಒಬ್ಬಾಕೆ ಬಿಕ್ಕಳಿಸುತ್ತಿದ್ದಳು. ಇನ್ನೊಬ್ಬಾಕೆ, "ರೀ, ಕೇಳಿಸ್ಕೊಂಡ್ರಾ, ಗಂಡ ಅಂದ್ರೆ ಹಾಗಿರಬೇಕು!" ಎಂದು ತನ್ನ ಗಂಡನಿಗೆ ಹೇಳುತ್ತಿದ್ದಳು. ದಂತವೈದ್ಯರು ನನ್ನ ಹಲ್ಲುಗಳ ಭವಿಷ್ಯದ ಬಗ್ಗೆ ಏನೋ ಹೇಳುತ್ತಿದ್ದರು, ಪೂರ್ತಿ ಕೇಳಿಸಲಿಲ್ಲ. ಹೆಂಡತಿ ರೇಡಿಯೋ ಆರಿಸಿದಳು.

"ಟೊಮೆಟೊ ಆರಿಸ್ತಾ ಇದ್ದೆ," ಅಂದಳು. "ಪಕ್ಕದ ದೋಣಿಯವರು ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದ ಪುಟ್ಟ ರೇಡಿಯೋದಲ್ಲಿ ನಿಮ್ಮ ದನಿ ಬಂತು. ತಕ್ಕಡಿಯವನು ಕೂಡ ತೂಕ ನಿಲ್ಲಿಸಿ ಕೇಳಿದ."

"ಎಷ್ಟು ಕೇಳಿದೆ?"

"ಒಳಗೊಳಗೇ ಸೊರಗಿದಾಳೆ ಅನ್ನೋದರಿಂದ." ಅವಳು ಮೈಕನ್ನು ಕೊಕ್ಕೆಗೆ ಸಿಕ್ಕಿಸಿದಳು. "ಇಷ್ಟು ವರ್ಷ ನಿಮ್ಮನ್ನ ನಾನು ಅರ್ಥಾನೇ ಮಾಡ್ಕೊಳ್ಳಲಿಲ್ಲ ರೀ. ನೀವು ನನ್ನ ಕೈ ನೋಡಿದೀರಿ ಅನ್ನೋದೇ ನನಗೆ ಗೊತ್ತಿರಲಿಲ್ಲ."

ಆ ಮಾತಿಗೆ ನನ್ನ ಮನಸ್ಸು ಒಂದು ಕ್ಷಣ ಹಿಂಡಿದಂತಾಯಿತು, ಅದನ್ನೂ ಹೇಳಿಬಿಡುತ್ತೇನೆ. ಅವಳ ಕೈಯನ್ನು ಆಗ ನಿಜವಾಗಿ ನೋಡಿದೆ. ಗಟ್ಟಿಯಾಗಿಯೇ ಇತ್ತು. ಆದರೂ ಕೆಲಸ ಕೈಗೂಡಿತಲ್ಲ ಎಂಬ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು. "ಹಾಗಾದ್ರೆ ಯಾವಾಗ ಹೊರಡೋಣ ಮನೆಗೆ?" ಎಂದು ಮೆಲ್ಲಗೆ ಕೇಳಿದೆ.

"ಮನೆಗಾ?" ಅವಳು ನೆಟ್ಟಗಾದಳು. "ಸಮುದ್ರ ಅಂದ್ರೆ ಪ್ರಾಣ ಅಂದ ಮನುಷ್ಯನ್ನ ಕರ್ಕೊಂಡು ಹೋಗಿ ಆ ಮಂಚದ ಮೇಲೆ ಕೆಡವ್ಲಾ? ಮಂಚ ಅಂತ ಹೇಳೋವಾಗ ಅತ್ತಿದ್ದು ನನಗೆ ಕೇಳಿಸ್ಲಿಲ್ವಾ? ಅಷ್ಟು ಕಟುಕಿ ಅಲ್ಲ ನಾನು. ಆ ಕಡೆ ದ್ವೀಪಗಳನ್ನೆಲ್ಲ ನಿಮಗೆ ತೋರಿಸೇ ತೋರಿಸ್ತೀನಿ. ಗಾಳಿ ತಿರುಗಲಿ, ಹೊರಡೋಣ."

ಇನ್ನು ಮೀಸೆಯನ್ನು ನಂಬಿ ಕೂರುವ ಕಾಲವಲ್ಲ ಎಂದು ನಾನು ಸತ್ಯ ಹೇಳಿಬಿಟ್ಟೆ. "ಇಲ್ಲ ಕಣೇ! ನನಗೇ ಸಾಕಾಗಿದೆ! ನನಗೆ ಸಮುದ್ರ ಬೇಡ, ದ್ವೀಪ ಬೇಡ, ನಾನೇ ಹೇಳ್ತಿದೀನಿ, ವಾಪಸ್ ಹೋಗೋಣ. ನನ್ನ ಮಂಡಿ ನೋಡು. ನೀನೇ ಅಂದಿದ್ದೆ, ನನ್ನ ಬಾಯಿಂದಲೇ ಬರತ್ತೆ ಅಂತ. ಬಂತು ನೋಡು!"

ಹೆಂಡತಿ ತಾಯಿಯ ಮುಖ ನೋಡಿದಳು. "ನೋಡಮ್ಮ. ನನಗೋಸ್ಕರ ಮೀಸೇನೂ ಬೋಳಿಸ್ಕೊಳ್ಳೋಕೆ ತಯಾರಾಗಿದಾರೆ."

"ಸುಮ್ನಿರಿ ಅಳಿಯಂದ್ರೇ," ಅಂದರು ಅತ್ತೆಯವರು, ಮೊದಲ ಸಲ ನನ್ನ ಬೆನ್ನು ಸವರಿ. "ನಮಗೆ ಎಲ್ಲ ಗೊತ್ತಾಗಿದೆ. ನಿಮ್ಮ ಬಗ್ಗೆ ನಾನು ಏನೇನೋ ಅಂದುಕೊಂಡಿದ್ದೆ. ನೀವು ಬಂಗಾರದಂಥವರು."

ಬಂಗಾರ! ಅತ್ತೆಯವರ ಬಾಯಿಂದ! ಇನ್ನೊಂದು ಸಲ ಸತ್ಯ ಹೇಳಲು ಬಾಯಿ ತೆರೆದಿದ್ದೆ. ಹಾಗೇ ಮುಚ್ಚಿಕೊಂಡೆ. ಅಭ್ಯಾಸವಿಲ್ಲದವನಿಗೆ ಹೊಗಳಿಕೆ ಏನು ಮಾಡುತ್ತದೆಂದು ನಿಮಗೆ ಗೊತ್ತೇ ಇದೆ.

ಆಮೇಲಿನದೆಲ್ಲ ತಾನಾಗಿ ನಡೆಯಿತು. ಮಗಳ ಹೂವಿನಂಥ ಕೈಗೆ ಆಸರೆಯಾಗಿರಲೆಂದು ಅತ್ತೆಯವರು ನಮ್ಮೊಂದಿಗೇ ಬರುವುದೆಂದು ನಿಶ್ಚಯವಾಯಿತು. ತ್ರಿಕೋನ ಹಾಸಿಗೆ ತಾಯಿ ಮಗಳದ್ದಾಯಿತು. ನನಗೆ ಮೇಜಿನ ಪಕ್ಕದ ಬೆಂಚು. ಅದರ ಉದ್ದ ಕ್ಲಾಸಿನ ಬೆಂಚಿಗಿಂತಲೂ ಕಡಿಮೆ. ಸರಪಳಿ ಎಳೆಯುವುದು, ಪಾತ್ರೆ ತೊಳೆಯುವುದು, ಶೌಚಾಲಯದ ಪಂಪು ಕೆಟ್ಟಾಗ ಬಿಚ್ಚುವುದು ಎಲ್ಲ ನನ್ನ ಪಾಲಿಗೆ ಬಂದವು. ಬೇಡ ಎನ್ನುವ ಹಾಗಿಲ್ಲ. ನಾನೇ ಹೇಳಿದ ಮಾತಿಗೆ ಇಡೀ ಕೊಲ್ಲಿಯೇ ಸಾಕ್ಷಿ. ದಡಕ್ಕೆ ಹೋದರೆ ಹೆಂಗಸರು ಕೇಕು ಕೊಡುತ್ತಿದ್ದರು, ಗಂಡಸರು ಮುಖ ತಿರುಗಿಸುತ್ತಿದ್ದರು. ಪಾಪ, ಬೆಳಿಗ್ಗೆ ಎದ್ದು ಕಾಫಿ ಮಾಡಬೇಕಾಗಿ ಬಂದಿತ್ತು ಅವರಿಗೆ. ಅದರಲ್ಲೂ ದಂತವೈದ್ಯರು ದಿನಾ ಎರಡು ಸಲ ಮಾಡುತ್ತಿದ್ದರಂತೆ.

ಗಾಳಿ ತಿರುಗಿತು. ಲಂಗರಿನ ಸರಪಳಿಯನ್ನು ನಾನೊಬ್ಬನೇ ಏದುಸಿರು ಬಿಡುತ್ತ ಎಳೆದು ಹಾಕಿದೆ. ಹೆಂಡತಿ ಚುಕ್ಕಾಣಿ ಹಿಡಿದು ಕೂತಿದ್ದಳು, ಕಣ್ಣೀರೇನೂ ಹಾಕುತ್ತಿರಲಿಲ್ಲ. ಹಾಯಿ ಉಬ್ಬಿತು. ಕೊಲ್ಲಿ ಹಿಂದಕ್ಕೆ ಸರಿಯಿತು. ಮನೆಯಿದ್ದ ದಿಕ್ಕು ಬೆನ್ನ ಹಿಂದಕ್ಕೆ ಬಂತು. ಕೊಡೆ ಬಿಚ್ಚಿಕೊಂಡು ಕೂತಿದ್ದ ಅತ್ತೆಯವರು ಕಣ್ಣಿಗೆ ಕೈ ಅಡ್ಡ ಹಿಡಿದು, ದೂರದಲ್ಲಿ ಒಂದರ ಹಿಂದೊಂದು ಮಸುಕಾಗಿ ಏಳುತ್ತಿದ್ದ ಗುಡ್ಡಗಳನ್ನು ನೋಡಿದರು.

"ಅಳಿಯಂದ್ರೇ, ನೀವು ಭೂಗೋಳ ಓದಿದೋರು," ಅಂದರು. "ಇಂಥ ದ್ವೀಪ ಆ ಕಡೆ ಒಟ್ಟು ಎಷ್ಟಿರಬಹುದು?"

ಪಾಠದ ವಿಷಯದಲ್ಲಿ ನಾನು ಈವರೆಗೆ ಸುಳ್ಳು ಹೇಳಿದವನಲ್ಲ. "ಲೆಕ್ಕವಿಲ್ಲ ಅತ್ತೆ," ಅಂದೆ.

"ಸದ್ಯ," ಎಂದು ಅವರು ನಿಟ್ಟುಸಿರು ಬಿಟ್ಟರು. "ಬೇಗ ಮುಗಿದುಹೋದ್ರೆ ನಿಮಗೆ ಬೇಜಾರಾಗೋದು."